ಮುಖ ನೋಡದೆ ಹೊಡೆದ ಸೀಲು

ಬೆಳಿಗ್ಗೆ ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವಿ, ಮೋಡ ಕಂಡರೆ ಎಳೆದುಬಿಡು ಅಂತ ಅಮ್ಮನಿಗೆ ಹೇಳಿ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟೆ. 60 ಕಿಲೋಮೀಟರ್. ಒಂದೇ ಒಂದು ಸಹಿ ಹಾಕಲಿಕ್ಕೆ.

ನನ್ನ ಭಾವಮೈದ ಜರ್ಮನಿಯಲ್ಲಿರೋದು ನಿಮಗೆಲ್ಲ ಗೊತ್ತು. ಬೇಸಿಗೆ ರಜೆಗೆ ಹೆಂಡತಿ, ಮಗ ಅಲ್ಲಿಗೆ ಹೊರಟಿದ್ದಾರೆ. ತೋಟ ಬಿಟ್ಟು ನಾನು ಹೋಗುವ ಹಾಗಿಲ್ಲ. ಮಗನಿಗೆ 9 ವರ್ಷ. ಅಪ್ಪ ಅಮ್ಮರಲ್ಲಿ ಒಬ್ಬರೇ ಕರಕೊಂಡು ಹೋಗುವಾಗ ಇನ್ನೊಬ್ಬರ ಒಪ್ಪಿಗೆ ಪತ್ರ ವೀಸಾ ಅರ್ಜಿಯ ಜೊತೆ ಬೇಕು, ಅದೂ ನೋಟರಿ ಮಾಡಿಸಿದ್ದು. ಸರಿಯಾದ ನಿಯಮವೇ. ನಾನು ಇಸ್ತ್ರಿ ಅಂಗಿ ಹಾಕಿಕೊಂಡೇ ಹೋಗಿದ್ದೆ.

ಗುಮಾಸ್ತ ಹೊರಗಿನ ಬೆಂಚಿನ ಮೇಲೆ ಸಹಿ ಮಾಡಿಸಿಕೊಂಡ. ಒಳಗೆ ನೋಟರಿ ಫೋನಿನಲ್ಲಿ ಯಾರದೋ ಸೈಟಿನ ವ್ಯವಹಾರ ಮಾತಾಡುತ್ತಿದ್ದರು. ತಲೆ ಎತ್ತಲಿಲ್ಲ. ಧಪ್, ಧಪ್. ನೇರಳೆ ಶಾಯಿ 'ಆಕ್ಷೇಪಣೆ ಇಲ್ಲ' ಅನ್ನೋದರ ಮೇಲೇ ಹರಡಿತು. ನಾನು ಆಧಾರ್ ಕಾರ್ಡ್ ಹಿಡಿದುಕೊಂಡೇ ನಿಂತಿದ್ದೆ. "ಸರ್, ಸಹಿ ಮಾಡಿದವನು ನಾನೇ" ಅಂದೆ. "ಆಯ್ತಲ್ಲ, ಹೊರಡಿ" ಅಂದರು. ಗುಮಾಸ್ತ ಸಮಾಧಾನ ಮಾಡಿದ: "ನೀವು ಬರೋದೇ ಬೇಕಿರ್ಲಿಲ್ಲ ಸರ್, ಯಾರ ಕೈಲಾದ್ರೂ ಕಳಿಸಿದ್ರೆ ಸಾಕಿತ್ತು."

ಕಾಗದದ ಮೇಲೆ ಮಾತ್ರ ಇಂಗ್ಲಿಷಿನಲ್ಲಿ ಚೆಂದಾಗಿದೆ: ನನ್ನ ಸಮಕ್ಷಮದಲ್ಲಿ ಸಹಿ ಮಾಡಿದ್ದಾರೆ ಅಂತ. ಯಾವ ಸಮಕ್ಷಮ ಸ್ವಾಮಿ?

ಈ ಕಾಗದ ಸುಮ್ನೆ ಹುಟ್ಟಿದ್ದಲ್ಲ. ಗಂಡ ಹೆಂಡತಿಗೆ ಆಗಿಬರದೆ, ಒಬ್ಬರು ಮಗುವನ್ನು ಎತ್ತಿಕೊಂಡು ಬೇರೆ ದೇಶಕ್ಕೆ ಹೋಗಿಬಿಡುತ್ತಾರೆ. ಅಂಥ ಮಗುವನ್ನು ವಾಪಸ್ ಕಳಿಸಲಿಕ್ಕೆ 1980ರಲ್ಲಿ ಹೇಗ್ ಒಪ್ಪಂದ ಆಯಿತು. ಭಾರತ ಅದಕ್ಕೆ ಸೇರಿಲ್ಲ. ಇಲ್ಲಿಂದ ಹೋದರೂ ಅಷ್ಟೆ, ಇಲ್ಲಿಗೆ ಬಂದರೂ ಅಷ್ಟೆ, ಉಳಿದವರು ಕೋರ್ಟು ಕಚೇರಿ ಅಲೆಯಬೇಕು. ಮನೆಗೊಬ್ಬರು ಫಾರಿನ್ನಿನಲ್ಲಿರುವ ನಮ್ಮ ಕಡೆ ಇದು ದೂರದ ಮಾತೇನೂ ಅಲ್ಲ. ಮಗು ಹೊರಡುವ ಮೊದಲು ಇನ್ನೊಬ್ಬರನ್ನು ಕೇಳುವ ಜಾಗ ಇದು. ಅಲ್ಲೂ ಮುಖ ನೋಡೋದಿಲ್ಲ ಅಂದರೆ?

"ಅಯ್ಯೋ, ಅದೊಂದು ಫಾರ್ಮಾಲಿಟಿ ಭಾವ" ಅಂತ ಭಾವಮೈದ ಫೋನಿನಲ್ಲಿ ನಕ್ಕ. ಪಾಸ್‌ಪೋರ್ಟಿಗೆ 2016ರ ಡಿಸೆಂಬರ್‌ನಿಂದ ನೋಟರಿ ಬೇಡ, ಬಿಳಿ ಹಾಳೆಯ ಮೇಲೆ ಅಪ್ಪ ಅಮ್ಮ ಬರೆದುಕೊಟ್ಟರೆ ಸಾಕು, ಇದನ್ನೂ ಹಾಗೇ ಮಾಡಬಹುದಲ್ವಾ ಅಂದ. ಮಾಡಲಿ! ಬಿಳಿ ಹಾಳೆ 'ನಾನು ನೋಡಿದ್ದೇನೆ' ಅಂತ ಸುಳ್ಳಂತೂ ಹೇಳೋದಿಲ್ಲ.

ನನಗೆ ಇಷ್ಟು ಸಿಟ್ಟು ಯಾಕೆ ಅಂತಲೂ ಹೇಳಿಬಿಡುತ್ತೇನೆ. ಹೋದ ಮಳೆಗಾಲ ನನಗೂ ಹೆಂಡತಿಗೂ ಜಗಳ ಆಗಿ, ಅವಳು ಮಗನನ್ನು ಕರಕೊಂಡು ಸಾಗರದ ತವರಿಗೆ ಹೋಗಿ ಮೂರು ವಾರ ಇದ್ದಳು. ರಾತ್ರಿ ಫೋನ್ ಮಾಡಿದರೆ "ಮಲಗಿದಾನೆ" ಅನ್ನುತ್ತಿದ್ದರು. ಅದು ಬರೀ ಸಾಗರ, ಬಸ್ಸು ಹತ್ತಿದರೆ ಮುಗೀತು. ಆದರೂ ಆ ಮೂರು ವಾರ ನನಗೆ ಅನ್ನ ಸೇರಲಿಲ್ಲ. (ಇದನ್ನು ಅವಳ ಒಪ್ಪಿಗೆ ತಗೊಂಡೇ ಬರೀತಿದ್ದೇನೆ. ನೋಟರಿ ಮಾಡಿಸಿಲ್ಲ.)

ಮಂಡಗದ್ದೆ ದಾಟುವಾಗಲೇ ಹನಿ ಶುರುವಾಯಿತು. ಮನೆಗೆ ಬಂದರೆ ಅಮ್ಮ ಅರ್ಧ ಅಡಿಕೆ ಮಾತ್ರ ಎಳೆದಿದ್ದರು, ಉಳಿದದ್ದು ಒದ್ದೆ. ಇನ್ನು ಬೂಸ್ಟು ಹಿಡಿಯುತ್ತೋ ಏನೋ. ಹೆಂಡತಿ ಪತ್ರ ತೆಗೆದು ಓದಿದಳು. ಮಗನ ಪಾಸ್‌ಪೋರ್ಟ್ ನಂಬರಿನಲ್ಲಿ ಒಂದು ಅಂಕಿ ತಪ್ಪು. ನೋಟರಿ ನೋಡಿಲ್ಲ, ಗುಮಾಸ್ತ ನೋಡಿಲ್ಲ. ನಾನೂ ನೋಡಿಲ್ಲ, ಅದು ಬೇರೆ ಮಾತು.

ಗುಮಾಸ್ತನಿಗೆ ಫೋನ್ ಮಾಡಿದೆ. ನಾಳೆ ನಾನು ಹೋಗಬೇಕಿಲ್ಲವಂತೆ. ಹೊಸ ಪತ್ರ ಟೈಪ್ ಮಾಡಿ, ಸೀಲ್ ಹೊಡೆಸಿ, ತೀರ್ಥಹಳ್ಳಿ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತಾನಂತೆ. ಸಹಿ ಆಮೇಲೆ ನಿಧಾನಕ್ಕೆ ಹಾಕಿಕೊಳ್ಳಿ ಅಂದ.