ಚೆನ್ನಮ್ಮ ಸರ್ಕಲ್ಲಿಗೆ ಬರೀ ಐದೇ ನಿಮಿಷ

ಹುಬ್ಬಳ್ಳಿಯಲ್ಲಿ ಈಗ ಮಾರಾಟಕ್ಕಿರುವ ಫ್ಲ್ಯಾಟುಗಳೆಲ್ಲ ಚೆನ್ನಮ್ಮ ಸರ್ಕಲ್ಲಿನಿಂದ ಐದೇ ನಿಮಿಷದ ದಾರಿಯಲ್ಲಿವೆ. ಕೇಶ್ವಾಪುರದಿಂದ ಐದು. ವಿದ್ಯಾನಗರದಿಂದ ಐದು. ಗೋಕುಲ ರೋಡಿನಿಂದಲೂ ಐದು. ಕುಸುಗಲ್ ರೋಡಿನಲ್ಲಿ ಊರು ಮುಗಿದು ಹೊಲ ಶುರುವಾಗುವ ಕಡೆ ಒಂದು ಬೋರ್ಡು ನಿಂತಿದೆ, ಅಲ್ಲಿಂದ ಏಳು. ಆ ಬೋರ್ಡು ಬರೆಸಿದವರು ಉಳಿದವರಿಗಿಂತ ಸ್ವಲ್ಪ ಪ್ರಾಮಾಣಿಕರಿರಬೇಕು.

ಈ ನಿಮಿಷಗಳನ್ನು ಯಾರು, ಯಾವಾಗ ಅಳೆದರು ಅಂತ ಕೇಳಬಾರದು. ಬಹುಶಃ ರಾತ್ರಿ ಎರಡು ಗಂಟೆಗೆ, ಬೈಕಿನ ಮೇಲೆ, ಮೇಲ್ಸೇತುವೆ ಕೆಲಸ ಶುರುವಾಗುವ ಮೊದಲು. ಈಗ ಸರ್ಕಲ್ಲಿನ ಈ ಬದಿ ನಿಂತವರು ಆ ಬದಿ ಮುಟ್ಟುವುದಕ್ಕೇ ಐದು ನಿಮಿಷ ಬೇಕು, ಅದೂ ಪೊಲೀಸಪ್ಪ ಕೈ ತೋರಿಸಿದರೆ. ಕುದುರೆ ಏರಿ ಕೂತ ಚೆನ್ನಮ್ಮನೊಬ್ಬಳೇ ಅಲ್ಲಿ ಆರಾಮಾಗಿದ್ದಾಳೆ. ಅವಳಿಗೆ ಎಲ್ಲಿಗೂ ಹೋಗಬೇಕಾಗಿಲ್ಲ.

‘ರೈಲ್ವೆ ಸ್ಟೇಷನ್ನಿಗೆ ನಡೆದೇ ಹೋಗಬಹುದು’ ಅನ್ನುವುದು ಇನ್ನೊಂದು. ಸುಳ್ಳಲ್ಲ, ಹೋಗಬಹುದು. ಆದರೆ ನಮ್ಮ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಜಗತ್ತಿನಲ್ಲೇ ಉದ್ದನೆಯದು ಅಂತ 2023ರಲ್ಲಿ ಪ್ರಧಾನಿ ಬಂದು ಉದ್ಘಾಟನೆ ಮಾಡಿ ಹೋಗಿದ್ದಾರೆ. ನಿಮ್ಮ ಬೋಗಿ ಆ ತುದಿಗೆ ನಿಂತಿತೋ, ಫ್ಲ್ಯಾಟಿನಿಂದ ಸ್ಟೇಷನ್ನಿಗೆ ನಡೆದದ್ದಕ್ಕಿಂತ ಸ್ಟೇಷನ್ನಿನೊಳಗೆ ನಡೆದದ್ದೇ ಜಾಸ್ತಿ. ಇದನ್ನು ಯಾವ ಬಿಲ್ಡರೂ ಜಾಹೀರಾತಿನಲ್ಲಿ ಹಾಕುವುದಿಲ್ಲ.

ನನ್ನ ಅಕ್ಕ ಮತ್ತು ಮಾಮಾ ಮನೆ ಹುಡುಕುತ್ತಿದ್ದರು. ಮಾಮಾಗೆ ರಿಟೈರಾಗುವ ಹೊತ್ತು. ‘ಪೇಟಿ ನಡುವ ಇರಬೇಕು, ಗದ್ದಲ ಇರಬಾರದು’ ಅನ್ನುವುದು ಅವರ ಒಂದೇ ಬೇಡಿಕೆ. ದುರ್ಗದಬೈಲಿನ ಹತ್ತಿರ ಮನೆ ಮಾಡಿ ಗದ್ದಲ ಇರಬಾರದು ಅಂದರೆ, ಮಿರ್ಚಿ ಕರಿಯುವವರು, ಗಿರ್ಮಿಟ್ ಕಲಸುವವರು ಎಲ್ಲರೂ ಸನ್ನೆಯಲ್ಲೇ ವ್ಯಾಪಾರ ಮಾಡಬೇಕು. ದೇಶಪಾಂಡೆ ನಗರ ನೋಡಿದರು, ರೇಟು ಕೇಳಿ ಆಸ್ಪತ್ರೆಗಳು ಹತ್ತಿರ ಇರುವುದು ಒಳ್ಳೆಯದೇ ಅನಿಸಿತು. ವಿದ್ಯಾನಗರದಲ್ಲಿ ಕಾಲೇಜು ಹುಡುಗರ ಬೈಕು. ಕಡೆಗೆ ಒಂದು ಸ್ಯಾಂಪಲ್ ಫ್ಲ್ಯಾಟಿಗೆ ಹೋದೆವು. ಕಟ್ಟಡದ ಹೆಸರು ಇಟಲಿಯದ್ದು. ಗೇಟಿನ ಎದುರಿಗೆ ಎಮ್ಮೆ ಮಲಗಿತ್ತು, ಅದು ಮಾತ್ರ ಅಪ್ಪಟ ಲೋಕಲ್.

ಟೈ ಕಟ್ಟಿದ ಹುಡುಗ ಜಿಪ್ಸಮ್ ಸೀಲಿಂಗ್ ತೋರಿಸುತ್ತಿದ್ದ. ಅಕ್ಕ ಸೀಲಿಂಗ್ ನೋಡಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ನಳ ತಿರುಗಿಸಿದಳು. ಸುಂಯ್ ಅಂತ ಗಾಳಿ ಬಂತು.

"ಸ್ಯಾಂಪಲ್ ಫ್ಲ್ಯಾಟ್ ಅಲ್ರೀ ಅಕ್ಕಾರ, ಇನ್ನೂ ಕನೆಕ್ಷನ್ ಕೊಟ್ಟಿಲ್ರೀ."

"ಕೊಟ್ಟಮ್ಯಾಲೆ ಎಷ್ಟು ದಿನಕ್ಕೊಮ್ಮೆ ಬರ್ತದಪಾ?"

"ಇಪ್ಪತ್ನಾಕು ತಾಸೂ ಇರ್ತೈತ್ರಿ."

"ಬೋರಿಂದೋ? ನಳದ್ದೋ? ಟ್ಯಾಂಕರಿಂದೋ?"

ಹುಡುಗ ಒಂದು ಕ್ಷಣ ಯೋಚಿಸಿದ. "ನೀರು ರೀ ಅಕ್ಕಾರ," ಅಂದ.

ಉತ್ತರದಲ್ಲಿ ಒಂದಕ್ಷರ ತಪ್ಪಿಲ್ಲ.

ಬೇರೆ ಊರಿನವರಿಗೆ ಏರಿಯಾ ಅಂದರೆ ಸ್ಕೂಲು, ಮಾರ್ಕೆಟ್ಟು. ಹುಬ್ಬಳ್ಳಿಯವರಿಗೆ ಏರಿಯಾ ಅಂದರೆ ನಳದ ಪಾಳಿ. ಸವದತ್ತಿ ಹತ್ತಿರದ ನವಿಲುತೀರ್ಥದಿಂದ ಮಲಪ್ರಭೆ ಅಷ್ಟು ದೂರ ಪೈಪಿನಲ್ಲಿ ಹರಿದು ಬರುತ್ತಾಳೆ. ಊರು ಮುಟ್ಟಿದ ಮೇಲೆ ಮಾತ್ರ ಯಾರ ಮನೆಗೆ ಮೊದಲು ಹೋಗಲಿ ಅಂತ ಐದಾರು ದಿನ ಯೋಚಿಸುತ್ತಾಳೆ. 2008ರ ಹೊತ್ತಿಗೆ ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಹುಬ್ಬಳ್ಳಿ, ಧಾರವಾಡದ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬಿಟ್ಟರು. ಪ್ರಯೋಗ ಗೆದ್ದಿತು. ಗೆದ್ದ ಪ್ರಯೋಗವನ್ನು ಅವಸರ ಮಾಡಿ ಕೆಡಿಸಬಾರದಲ್ವಾ? ಹಾಗಾಗಿ ಉಳಿದವರಿಗೆ ಅದನ್ನು ಸಾವಕಾಶ ಹಂಚುವ ಕೆಲಸ ಇವತ್ತಿಗೂ ನಡೆದಿದೆ. ಆ ಅದೃಷ್ಟವಂತ ವಾರ್ಡುಗಳ ಮನೆ ತೋರಿಸುವಾಗ ಬ್ರೋಕರ್ ದನಿ ತಗ್ಗಿಸಿ, "ಟ್ವೆಂಟಿಫೋರ್ ಸೆವೆನ್ ಏರಿಯಾ ರೀ" ಅನ್ನುತ್ತಾನೆ. ಬೇರೆಯವರು ಕೇಳಿಸಿಕೊಂಡರೆ ಬಾಡಿಗೆ ಏರೀತು ಅನ್ನುವ ಭಯ. ಉಳಿದ ಏರಿಯಾದಲ್ಲಿ ಕಾರ್ಪೊರೇಟರ್ ಹೆಸರು ಗೊತ್ತಿಲ್ಲದವರಿಗೂ ವಾಲ್ವ್‌ಮನ್ ನಂಬರ್ ಬಾಯಿಪಾಠ. ಬೀಗರನ್ನು ಊಟಕ್ಕೆ ಕರೆಯುವುದು ನಳ ಬಂದ ಮಾರನೇ ದಿನ. ಪಂಚಾಂಗ ನೋಡುವುದು ಆಮೇಲೆ.

ಬ್ರೋಶರಿನ ಕೊನೆ ಪುಟದಲ್ಲಿ ‘ಸೌಲಭ್ಯಗಳು’ ಅಂತ ಇರುತ್ತದೆ. ಅದನ್ನು ಎದುರಿನಿಂದ ಓದಿದರೆ ಬಿಲ್ಡರನ ಔದಾರ್ಯ, ಹಿಂದಿನಿಂದ ಓದಿದರೆ ಊರಿನ ಅವಸ್ಥೆ. ಒಳಗೆ ವಾಕಿಂಗ್ ಟ್ರ್ಯಾಕ್ ಇದೆಯೇ? ಹಾಗಾದರೆ ಹೊರಗೆ ಫುಟ್‌ಪಾತ್ ಇಲ್ಲ. ಜನರೇಟರ್ ಇದೆಯೇ? ಕರೆಂಟ್ ಹೋಗುತ್ತದೆ. ಮಕ್ಕಳಿಗೆ ಆಡಲು ಜಾಗ ಕೊಟ್ಟಿದ್ದಾರೆಯೇ? ಓಣಿಯ ಬಯಲು ಯಾರೋ ನುಂಗಿದ್ದಾರೆ. ಊರು ಪುಕ್ಕಟೆ ಕೊಡಬೇಕಾದದ್ದನ್ನು ಬಿಲ್ಡರ್ ಚದರ ಅಡಿ ಲೆಕ್ಕದಲ್ಲಿ ಮಾರುತ್ತಾನೆ, ನಾವು ಬ್ಯಾಂಕಿನಿಂದ ಸಾಲ ತಂದು ಕೊಳ್ಳುತ್ತೇವೆ. ವಾಕಿಂಗ್ ಟ್ರ್ಯಾಕನ್ನು ನಾನು ಕಣ್ಣಾರೆ ನೋಡಿದೆ. ಕಾಂಪೌಂಡಿಗೂ ಪಾರ್ಕಿಂಗಿಗೂ ನಡುವೆ ಒಬ್ಬರು ಹೋಗುವಷ್ಟು ದಾರಿ. ಎದುರಿನಿಂದ ಇನ್ನೊಬ್ಬರು ಬಂದರೆ ಯಾರಾದರೊಬ್ಬರು ಸ್ಕೂಟರ್ ಮೇಲೆ ಕೂರಬೇಕು. ಟ್ರಾನ್ಸ್‌ಫಾರ್ಮರ್ ಹತ್ತಿರ ಟ್ರ್ಯಾಕ್ ಮುಗಿಯುತ್ತದೆ, ವಾಕಿಂಗೂ ಮುಗಿಯುತ್ತದೆ.

ಇನ್ನು ‘ಲೇಕ್ ವ್ಯೂ’. ಉಣಕಲ್ ಕೆರೆ ಕಾಣುತ್ತದೆ, ಬಟ್ಟೆ ಒಗೆಯುವ ಬಾಲ್ಕನಿಯಲ್ಲಿ ಬಕೆಟ್ ಬೋರಲು ಹಾಕಿ ಮೇಲೆ ಹತ್ತಿ ನಿಂತರೆ. ಕೆರೆಯಲ್ಲಿ ನೀರಿಗಿಂತ ಅಂತರಗಂಗೆ ಜಾಸ್ತಿ ಇದ್ದ ದಿನ ಅದೇ ‘ಗಾರ್ಡನ್ ವ್ಯೂ’. ಕೆರೆ ತುಂಬಿ ಹರಿಯುವ ನಾಲಾ ಊರ ನಡುವೆಯೇ ಹೋಗುತ್ತದೆ. ಸ್ಮಾರ್ಟ್ ಸಿಟಿಯವರು ಅದರ ದಂಡೆಗೆ ಸೈಕಲ್ ಟ್ರ್ಯಾಕ್ ಮಾಡಿ ಗ್ರೀನ್ ಕಾರಿಡಾರ್ ಅಂತ ಕರೆದರು. ‘ವಾಟರ್‌ಫ್ರಂಟ್’ ಅಂತ ಫ್ಲ್ಯಾಟ್ ಮಾರುವುದು ಮಾತ್ರ ಬಾಕಿ. ಕಿಟಕಿ ಮುಚ್ಚಿಟ್ಟು ತೋರಿಸಿದರೆ ಅದೂ ಹೋಗುತ್ತದೆ.

1,250 ಚದರ ಅಡಿ ಅಂದದ್ದನ್ನು ಮಾಮಾ ನಂಬಲಿಲ್ಲ, ಟೇಪು ತಂದಿದ್ದರು. ಒಳಗೆ ಸಿಕ್ಕಿದ್ದು ಒಂಬೈನೂರು ಚಿಲ್ಲರೆ. "ಉಳಿದದ್ದು ಎಲ್ಲಿ ಹೋತೋ ತಮ್ಮಾ?" ಅಂದರು. ಲಿಫ್ಟು, ಮೆಟ್ಟಿಲು, ಲಾಬಿ, ವಾಚ್‌ಮನ್ ಖೋಲಿ, ಎಲ್ಲದರಲ್ಲೂ ನಮ್ಮ ಪಾಲು ಇದೆಯಂತೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆ, ಇದನ್ನು ಬಿಡಿಸಿಯೇ ಹೇಳಿದೆ: ಹೊರಗೋಡೆ, ಬಾಲ್ಕನಿ ಬಿಟ್ಟು ಒಳಗೆ ಬಳಸಲು ಸಿಗುವ ಜಾಗವೇ ಕಾರ್ಪೆಟ್ ಏರಿಯಾ, ಲೆಕ್ಕ ಅದರದ್ದೇ. ಕಾಯ್ದೆ ಬೆಂಗಳೂರಿನಿಂದ ಬರುವಾಗ ಹಾವೇರಿ ದಾಟಿತೋ ಇಲ್ಲವೋ, ಹುಡುಗನ ಬಾಯಿಗೆ ಮಾತ್ರ ಇನ್ನೂ ತಲುಪಿಲ್ಲ.

ಧಾರವಾಡದ ಬೀಗರು ಸುದ್ದಿ ಕೇಳಿ ಫೋನ್ ಮಾಡಿದರು. "ಹುಬ್ಬಳ್ಳ್ಯಾಗ ಏನೈತ್ರಿ ಧೂಳು? ಇಲ್ಲಿ ಬರ್ರಿ, ಹವಾ ಛಲೋ ಐತಿ." ಮಾಳಮಡ್ಡಿ, ಸಪ್ತಾಪುರದ ಹವಾ ನಿಜಕ್ಕೂ ಛಲೋ, ಅಲ್ಲಿನ ಹಳೇ ಮನೆಗಳ ಅಂಗಳದ ಮಾವಿನ ಮರಗಳ ದೆಸೆಯಿಂದ. ಈಗ ಮರ ಕಡಿದು ಅಪಾರ್ಟ್‌ಮೆಂಟ್ ಕಟ್ಟಿ ಅದಕ್ಕೆ ಮಾವಿನ ಹೆಸರು ಇಡುತ್ತಾರೆ. ಹುಬ್ಬಳ್ಳಿಗೆ ಬರಲು ಚಿಗರಿ ಬಸ್ಸು ಇದೆ, ಚಿಗರಿ ಅಂದರೆ ಜಿಂಕೆ. ತನ್ನದೇ ದಾರಿ ಇರುವವರೆಗೆ ಅದು ಹೆಸರಿಗೆ ತಕ್ಕಂತೆ ಓಡುತ್ತದೆ, ಪೇಟೆಯೊಳಗೆ ಬಂದ ಮೇಲೆ ಆಟೋಗಳ ಹಿಂದೆ ಸಾಲು ಹಿಡಿಯುತ್ತದೆ. 1962ರಲ್ಲಿ ಎರಡೂ ಊರಿಗೆ ಒಂದೇ ಪಾಲಿಕೆ ಅಂತ ಗಂಟು ಹಾಕಿದ್ದರು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು. ಅಷ್ಟು ವರ್ಷ ಒಟ್ಟಿಗೆ ನೀರಿಗೆ ಕಾದವರು ಇನ್ನು ಬೇರೆ ಬೇರೆ ಕಾಯಬಹುದು.

ಒಂದು ಮಾತು ತಮಾಷೆಯಲ್ಲ. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಆಮೇಲೆ ಕೆಲವು ದಿನ ಫ್ಲ್ಯಾಟ್ ನೋಡಲು ಹೋದವರೆಲ್ಲ ಕಂಬ ಮುಟ್ಟಿ ನೋಡುತ್ತಿದ್ದರು. ಈಗ ಮತ್ತೆ ಟೈಲ್ಸ್ ನೋಡುತ್ತಿದ್ದಾರೆ.

ಅಕ್ಕ-ಮಾಮಾ ಕಡೆಗೂ ಒಂದು ಫ್ಲ್ಯಾಟ್ ತಗೊಂಡರು. ಮೊದಲ ಅಸೋಸಿಯೇಷನ್ ಮೀಟಿಂಗಿಗೆ ನಾನೂ ಹೋಗಿದ್ದೆ, ಚಹಾ-ಚೂಡಾ ಇತ್ತು. ಮೇಂಟೆನೆನ್ಸ್ ಲೆಕ್ಕದಲ್ಲಿ ಅರ್ಧಕ್ಕರ್ಧ ಟ್ಯಾಂಕರಿನದೇ. ಮೂರನೇ ಮಹಡಿಯವರು ತುಳಸಿಗೆ ನೀರು ಜಾಸ್ತಿ ಹಾಕುತ್ತಾರೆ ಅಂತ ಎರಡನೇ ಮಹಡಿಯವರ ತಕರಾರು. ತುಳಸಿಗೆ ಹಾಕಿದ್ದು ನಿಮ್ಮ ಬಾಲ್ಕನಿಗೇ ಸೋರುತ್ತದಲ್ಲ, ಅದನ್ನು ನೀವೇಕೆ ಹಿಡಿದಿಡಬಾರದು ಅಂತ ಅವರ ಉತ್ತರ. ಸೆಕ್ರೆಟರಿ ನಡುವೆ ಬಾಯಿ ಹಾಕಿ ನಳದ ಬಿಲ್ ಓದಿದರು.

"ಇದನ್ನ ಕಟ್ಟೂದಾ, ಬ್ಯಾಡಾ?" ಅಂತ ಯಾರೋ ಕೇಳಿದರು.

"ಕಟ್ಟಾಕsಬೇಕ್ರಿ. ಇಲ್ಲಂದ್ರ ನಳ ಕಟ್ ಮಾಡ್ತಾರ."

ಹಿಂದಿನ ಸಾಲಿನಿಂದ ಮಾಮಾ ಕೈ ಎತ್ತಿದರು. "ಕಟ್ ಮಾಡಿದ್ರ ನಮಗ ಗೊತ್ತಾಗೂದು ಹೆಂಗ್ರೀ?"