ತೌಕ್ತೆ ಉಡುಪಿಗೆ ಅಪ್ಪಳಿಸಿರಲಿಲ್ಲ: ನನ್ನದೇ ಬರಹಕ್ಕೆ ಒಂದು ತಿದ್ದುಪಡಿ

ನಮ್ಮ ಉಡುಪಿ ಜಿಲ್ಲೆ ಕಂಡ ಮಳೆ, ಗಾಳಿ, ನೆರೆಗಳ ಬಗ್ಗೆ ಕಳೆದ ವಾರ ಒಂದು ಬರಹ ಹಾಕಿದ್ದೆ. ಅದರಲ್ಲಿ ‘2021ರಲ್ಲಿ ತೌಕ್ತೆ ಚಂಡಮಾರುತ ಕಾಪು ಕಡಲತೀರಕ್ಕೆ ಅಪ್ಪಳಿಸಿತು’ ಎಂಬ ಸಾಲಿತ್ತು. ಅದು ತಪ್ಪು. ಈಗ ಅದೊಂದೇ ಸಾಲು ಊರೆಲ್ಲ ಸುತ್ತುತ್ತಿದೆ.

ಹವಾಮಾನ ಇಲಾಖೆಯ ದಾಖಲೆ ಪ್ರಕಾರ ತೌಕ್ತೆ ನೆಲಕ್ಕೆ ಬಂದದ್ದು ಗುಜರಾತಿನಲ್ಲಿ, ದೀವ್ ಹತ್ತಿರ, 2021ರ ಮೇ 17ರ ರಾತ್ರಿ. ನಮ್ಮ ಕರಾವಳಿಯಲ್ಲಿ ಅದು ಕಡಲಿನಲ್ಲೇ ಉತ್ತರಕ್ಕೆ ಸಾಗಿಹೋಯಿತು.

ಹಾಗಂತ ಇಲ್ಲಿ ಏನೂ ಆಗಲಿಲ್ಲ ಅಂತಲ್ಲ. ಚಂಡಮಾರುತ ದೂರದಲ್ಲಿದ್ದರೂ ಅದು ಎಬ್ಬಿಸುವ ಅಲೆ ದಡದವರೆಗೂ ಬರುತ್ತದೆ. ತಡೆಗೋಡೆಯ ಕಲ್ಲು ಜಾರಿ, ಬೇರು ಕಾಣುವ ಹಾಗೆ ವಾಲಿದ್ದ ತೆಂಗಿನಮರಗಳು ನನಗಿನ್ನೂ ನೆನಪಿವೆ. ಬಂಡೆಗೆ ಸಿಕ್ಕಿಹಾಕಿಕೊಂಡಿದ್ದ ಕೋರಮಂಡಲ್ ಟಗ್‌ನಿಂದ (ದೊಡ್ಡ ಹಡಗುಗಳನ್ನು ಎಳೆಯುವ ಚಿಕ್ಕ ಹಡಗು) 9 ಜನರನ್ನು ಕಾಪಾಡಿದ್ದೂ ಆಗಲೇ. ಇಷ್ಟೆಲ್ಲ ಕಣ್ಣಾರೆ ಕಂಡವರಿಗೆ ‘ಅಪ್ಪಳಿಸಿತು’ ಅನ್ನಿಸುವುದು ಸಹಜ ಅಲ್ವಾ? ನನಗೂ ಹಾಗೇ ಆಯಿತು.

ಆ ಸಾಲಿನ ಜೊತೆಗೆ ಓಡಾಡುತ್ತಿರುವ, ಉಡುಪಿ ನಗರದ ಕಲ್ಸಂಕದ ನೆರೆಯ ಫೋಟೋ ತೌಕ್ತೆಯದಲ್ಲ. ಅದು 2020ರ ಸೆಪ್ಟೆಂಬರ್ 20ರ ಮಳೆಯದು. ಅದನ್ನು ಸೇರಿಸಿದ್ದು ನಾನಲ್ಲ, ಯಾರಾದರೂ ಆಗಲಿ ಬಿಡಿ.

ಅಂದಹಾಗೆ, ತೌಕ್ತೆ ಎಂಬ ಹೆಸರು ಮ್ಯಾನ್ಮಾರ್ ಕೊಟ್ಟದ್ದು, ಒಂದು ಜಾತಿಯ ಹಲ್ಲಿಯದು. ತುಳುವಿನ ತೌತೆಕಾಯಿಗೂ (ಅಂದರೆ ಸೌತೆಕಾಯಿ) ಅದಕ್ಕೂ ಸಂಬಂಧವಿಲ್ಲ!

ಹಳೆಯ ಸಾಲನ್ನು ತಿದ್ದಿದ್ದೇನೆ. ನಿಮ್ಮ ಗ್ರೂಪಿಗೆ ಹಳೆಯದು ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅಲ್ಲೇ ಇದನ್ನೂ ಹಾಕಿಬಿಡಿ.