ತೊಡೆಯಲ್ಲಿ ಕಬ್ಬಿಣ ಇದೆ, ಸರಿ, ಕಾಗದ ಎಲ್ಲಿ?

ಅಮೆರಿಕದ ಸೈನ್ಯದ ಮುಂದೆ ನಮಗೆ ಸುಮ್ಮಸುಮ್ಮನೆ ಒಂದು ಕೀಳರಿಮೆ ಇತ್ತು. ಅವರಲ್ಲಿ ಉಪಗ್ರಹ ಇದೆ, ಡ್ರೋನ್ ಇದೆ, ಎಲ್ಲೋ ಕೂತು ಇನ್ನೆಲ್ಲಿಯದೋ ಕಿಟಕಿಯೊಳಗೆ ಕ್ಷಿಪಣಿ ತೂರಿಸುವ ವಿದ್ಯೆ ಇದೆ. ನಮ್ಮಲ್ಲಿ ಏನಿದೆ, ಬದುಕಿರುವವನನ್ನು ದಾಖಲೆಯಲ್ಲಿ ಸಾಯಿಸುವ ವಿದ್ಯೆ ಒಂದು ಬಿಟ್ಟರೆ? ಇನ್ನು ಕೊರಗಬೇಕಾಗಿಲ್ಲ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಮಾಜಿ ಸೈನಿಕ ಅಜ್ಜನೊಬ್ಬನ ಕತೆ ಓದಿದವರಿಗೆ ಅವರ ರಕ್ಷಣಾ ಇಲಾಖೆಯ ಪೆಂಟಗನ್ನೂ ನಮ್ಮ ತಾಲ್ಲೂಕು ಕಚೇರಿಯೂ ಒಂದೇ ಬಳ್ಳಿಯ ಕಾಯಿ ಎಂದು ಖಾತ್ರಿಯಾಗಿರುತ್ತದೆ.

ಓದದವರಿಗಾಗಿ ಕತೆ ಇಷ್ಟು. 1951ರ ಜೂನ್, ಕೊರಿಯಾ ಯುದ್ಧ. ಮಾರ್ಟರ್ ಶೆಲ್ ಸಿಡಿದು ಒಂದು ಚೂರು ಅವನ ತೊಡೆಗೆ ಹೊಕ್ಕಿತು. ಹೊಕ್ಕಿದ್ದು ಅಲ್ಲೇ ಉಳಿಯಿತು. ನರಕ್ಕೆ ತೀರಾ ಹತ್ತಿರ, ತೆಗೆಯಲು ಹೋದರೆ ಕಾಲಿಗೇ ಅಪಾಯ ಎಂದರು ವೈದ್ಯರು. ಮನುಷ್ಯ ಊರಿಗೆ ಬಂದ, ಮುದುಕನಾದ, ಕಡೆಗೊಮ್ಮೆ ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ತನಗೂ ಕೊಡಿ ಎಂದು ಅರ್ಜಿ ಹಾಕಿದ. ಸೈನ್ಯ ಹೇಳಿತು: ದಾಖಲೆ ಇಲ್ಲ. ಅಜ್ಜ ಕೋರ್ಟು ಹತ್ತಿದ. 2024ರಲ್ಲಿ, ಅವನ 96ನೇ ವಯಸ್ಸಿನಲ್ಲಿ, ಸೈನ್ಯಕ್ಕೆ ಜ್ಞಾನೋದಯವಾಗಿ ಪದಕ ಕೊಟ್ಟಿತು. ಗಾಯವಾಗಿ 73 ವರ್ಷ. ನಮ್ಮ ಸಿವಿಲ್ ದಾವೆಗಳ ಲೆಕ್ಕದಲ್ಲಿ ಬೇಗನೇ ಅನ್ನಿ.

ನಿಯಮ ಬರೆದವನ ಜಾಣತನವನ್ನು ಮೆಚ್ಚಲೇಬೇಕು. ಪರ್ಪಲ್ ಹಾರ್ಟ್‌ಗೆ ಮೂರು ಸಾಬೀತಾಗಬೇಕು. ಗಾಯ ಶತ್ರುವಿನಿಂದಲೇ ಆಗಿರಬೇಕು, ಅದಕ್ಕೆ ವೈದ್ಯಕೀಯ ಚಿಕಿತ್ಸೆ ಬೇಕಾಗಿರಬೇಕು, ಆ ಚಿಕಿತ್ಸೆ ಅಧಿಕೃತ ದಾಖಲೆಗೆ ಸೇರಿರಬೇಕು. ಮೊದಲ ಎರಡನ್ನು ಶತ್ರುವೂ ದೇಹವೂ ಸೇರಿ ಪೂರೈಸುತ್ತವೆ. ಮೂರನೆಯದೇ ಪರಮ. ಗುಂಡು ಬಿದ್ದರೆ ಸಾಲದು, ಬಿದ್ದದ್ದಕ್ಕೆ ರಶೀದಿ ಇರಬೇಕು.

ಆ ರಶೀದಿ ಹರಿಯಬೇಕಾದವನು ಯಾರು? ತುಕಡಿಯ ಮೆಡಿಕ್, ಅಂದರೆ ರಣರಂಗದಲ್ಲೇ ಪ್ರಥಮ ಚಿಕಿತ್ಸೆ ಮಾಡುವ, ಮೀಸೆ ಸರಿಯಾಗಿ ಮೂಡದ ಹುಡುಗ. ಬಿದ್ದವನ ಹತ್ತಿರ ತೆವಳಿಕೊಂಡು ಹೋಗಬೇಕು, ಪ್ಯಾಂಟು ಸೀಳಬೇಕು, ರಕ್ತ ನಿಲ್ಲಿಸಬೇಕು, ನೋವು ತಗ್ಗಿಸುವ ಮಾರ್ಫಿನ್ ಚುಚ್ಚಬೇಕು. ಚುಚ್ಚಿದ ಮೇಲೆ ಖಾಲಿ ಟ್ಯೂಬನ್ನು ಗಾಯಾಳುವಿನ ಕಾಲರಿಗೆ ಸಿಕ್ಕಿಸಬೇಕು; ಮರೆತರೆ ಹಿಂದಿನ ಚಿಕಿತ್ಸಾ ಠಾಣೆಯಲ್ಲಿ ಇನ್ನೊಬ್ಬ ಪುಣ್ಯಾತ್ಮ ಮತ್ತೊಂದು ಡೋಸ್ ಕೊಟ್ಟು ಉಸಿರೇ ನಿಲ್ಲಿಸಿಬಿಡಬಹುದು. ಇಷ್ಟಾದ ಮೇಲೆ ಚೀಟಿ. ಹೆಸರು, ನಂಬರು, ತುಕಡಿ, ಗಾಯ ಎಲ್ಲಿ, ಎಷ್ಟು ಗಂಟೆಗೆ, ಏನು ಕೊಟ್ಟೆ, ಎಲ್ಲ ಬರೆದು ತಂತಿಯಿಂದ ಅವನ ಕೋಟಿನ ಗುಂಡಿಗೆ ಕಟ್ಟಬೇಕು. ಮಾರ್ಟರ್ ಬೀಳುತ್ತಿರುವಾಗ, ರಕ್ತದ ಕೈಯಲ್ಲಿ, ದುಂಡಗಿನ ಅಕ್ಷರದಲ್ಲಿ. ಅಜ್ಜನಿಗೆ ಪಟ್ಟಿ ಕಟ್ಟಿದ ಮೆಡಿಕ್ ಚೀಟಿಯನ್ನು ಮೇಲೆ ಕಳಿಸುವ ಮೊದಲೇ ತಾನೇ ಸತ್ತಿರಬೇಕು ಎಂಬುದು ಅಜ್ಜನ ಊಹೆ. ಕರ್ತವ್ಯಲೋಪ, ಇನ್ನೇನು!

ಇದರಲ್ಲಿ ಇನ್ನೊಂದು ಸೊಗಸಿದೆ. ಗಾಯವಾದೊಡನೆ ಸ್ಟ್ರೆಚರ್ ಏರಿ ಆಸ್ಪತ್ರೆ ಸೇರಿದವನಿಗೆ ದಾಖಲೆ ತಾನಾಗಿ ಹುಟ್ಟುತ್ತದೆ: ಒಳರೋಗಿ ಪುಸ್ತಕ, ತಾಪಮಾನದ ಪಟ್ಟಿ, ಬಿಡುಗಡೆ ಚೀಟಿ. ಪಟ್ಟಿ ಕಟ್ಟಿಸಿಕೊಂಡು, ಹಲ್ಲು ಕಚ್ಚಿ, ಪಕ್ಕದವನನ್ನು ಬಿಟ್ಟು ಹೋಗಲಾರೆ ಎಂದು ಮತ್ತೆ ಕಂದಕಕ್ಕೆ ಇಳಿದವನಿಗೆ ಏನೂ ಹುಟ್ಟುವುದಿಲ್ಲ. ಅಂದರೆ ನೀನು ಎಷ್ಟು ಗಟ್ಟಿಗನೋ ನಿನ್ನ ಕಡತ ಅಷ್ಟು ತೆಳು. ಮುಂದಿನ ಯುದ್ಧಕ್ಕೆ ಹೋಗುವವರು ಗಮನಿಸಿ: ಮೊದಲು ಕಿರುಚಿ, ಆಮೇಲೆ ಹೋರಾಡಿ.

ಅಂದಹಾಗೆ ಆ ಯುದ್ಧದಲ್ಲಿ ನಮ್ಮವರೂ ಇದ್ದರು. ಬಂದೂಕು ಹಿಡಿಯಲಿಲ್ಲ, ಬ್ಯಾಂಡೇಜ್ ಹಿಡಿದರು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್, ನಮ್ಮ ಸೈನ್ಯದ ವೈದ್ಯಕೀಯ ತುಕಡಿ. 1950ರ ಡಿಸೆಂಬರಿನಲ್ಲಿ ಉತ್ತರ ಕೊರಿಯಾದ ಪ್ಯೋಂಗ್ಯಾಂಗ್ ಬಿಟ್ಟು ಹಿಂದೆ ಸರಿಯಬೇಕಾದಾಗ ಇವರಿಗೆ ವಾಹನ ಇಲ್ಲ. ಸಾಮಾನು ಅಲ್ಲೇ ಬಿಟ್ಟು ಬನ್ನಿ ಎಂದರೆ ಒಪ್ಪಲಿಲ್ಲ. ಒಂದು ಉಗಿ ಎಂಜಿನ್ ಹುಡುಕಿದರು, ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿ ಬಾಯ್ಲರಿಗೆ ನೀರು ತುಂಬಿದರು, ಎಂಜಿನ್ ಓಡಿಸಲು ಬರುವವರು ತಮ್ಮಲ್ಲೇ ಸಿಕ್ಕರು, ಆಸ್ಪತ್ರೆಯನ್ನೇ ಅದಕ್ಕೆ ಹೇರಿಕೊಂಡು ದಕ್ಷಿಣಕ್ಕೆ ಬಂದರು. ಮರುವರ್ಷ ಮಾರ್ಚಿನಲ್ಲಿ ಅಮೆರಿಕದ ಸೈನಿಕರ ಜೊತೆ ಮುನ್ಸಾನ್‌ನಿಯಲ್ಲಿ ಪ್ಯಾರಾಚೂಟಿನಿಂದ ಇಳಿದು ಅವರ ಗಾಯಾಳುಗಳನ್ನು ನೋಡಿಕೊಂಡರು. ರೈಲನ್ನು ತರುವಾಗ ಇಂಡೆಂಟ್ ಫಾರಂ ಎಲ್ಲಿ ಎಂದು ಯಾರೂ ಕೇಳಿರಲಿಕ್ಕಿಲ್ಲ. ಕೇಳುವವರು ಆಗ ಸಾವಿರಾರು ಮೈಲಿ ದೂರದಲ್ಲಿದ್ದರು. ಯುದ್ಧಭೂಮಿಯ ಒಂದೇ ಒಂದು ಸುಖ ಅದು.

ಇರಲಿ, ದಾಖಲೆಗೆ ಬರೋಣ. ಮೆಡಿಕ್ ಬದುಕಿದ್ದ, ಬರೆದ, ಚೀಟಿ ಮೇಲೆ ಹೋಯಿತು, ಎಲ್ಲ ಸರಿಯಾಯಿತು ಎಂದೇ ಇಟ್ಟುಕೊಳ್ಳಿ. ಆಗಲೂ ಕಾಗದ ಕೊನೆಗೆ ಹೋಗಿ ಸೇರಿದ್ದು ಮಿಸೌರಿಯ ಸೇಂಟ್ ಲೂಯಿಸ್ ಹತ್ತಿರದ ಒಂದು ಕಟ್ಟಡಕ್ಕೆ. ಕಡತಗಳ ಮಹಡಿಗಳಲ್ಲಿ ಬೆಂಕಿಗೆ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರಲಿಲ್ಲ. 1973ರ ಜುಲೈ 12ರಂದು ಆರನೇ ಮಹಡಿಗೆ ಬೆಂಕಿ ಬಿತ್ತು. ಪೂರ್ತಿ ಆರಲು ನಾಲ್ಕು ದಿನ ಹಿಡಿಯಿತು. ಹೋದದ್ದು 1.6ರಿಂದ 1.8 ಕೋಟಿ ಕಡತ. 1912ರಿಂದ 1960ರವರೆಗೆ ಭೂಸೇನೆ ಬಿಟ್ಟವರ ದಾಖಲೆಗಳಲ್ಲಿ ಶೇ. 80 ಬೂದಿ. ನಕಲು ಇಲ್ಲ, ಮೈಕ್ರೋಫಿಲ್ಮ್ ಇಲ್ಲ, ಏನೇನಿತ್ತು ಎಂಬ ಸೂಚಿಯೂ ಇಲ್ಲ. ವಾಯುಪಡೆಯವರದು ಇನ್ನೂ ಚೆಂದ: ಎಚ್ ಅಕ್ಷರದ ನಡುವೆ ಎಲ್ಲೋ ಬೆಂಕಿಯ ಗೆರೆ, ಅದರ ಹಿಂದಿನ ಹೆಸರಿನವರು ಪಾರು, ಮುಂದಿನವರಲ್ಲಿ ಶೇ. 75 ಭಸ್ಮ. ನಾಮಕರಣದ ದಿನ ಜೋಯಿಸರು ಇದನ್ನೂ ನೋಡಬೇಕಿತ್ತು.

ಬೆಂಕಿಯಿಂದ ಉಳಿದದ್ದು ನೀರಿನಲ್ಲಿ ನೆನೆಯಿತು. ಜುಲೈ ಸೆಕೆಗೆ ಬೂಸ್ಟು ಹಿಡಿಯುತ್ತದೆಂದು ಥೈಮಾಲ್ ಸಿಂಪಡಿಸಿದರು. ಥೈಮಾಲ್ ಎಂದರೆ ಬೇರೇನಲ್ಲ, ನಮ್ಮ ಓಮದ ಕಾಳಿನ ಸತ್ವ. ಮಗುವಿನ ಹೊಟ್ಟೆನೋವಿಗೆ ನಾವು ಕೊಡುವುದನ್ನು ಅವರು ಎರಡು ಮಹಾಯುದ್ಧಗಳಿಗೆ ಕೊಟ್ಟರು. ಒದ್ದೆ ಕಾಗದವನ್ನು ಪ್ಲಾಸ್ಟಿಕ್ ಹಾಲಿನ ಕ್ರೇಟುಗಳಲ್ಲಿ ತುಂಬಿ, ಒಂದು ಸಲಕ್ಕೆ ಸುಮಾರು 2000 ಕ್ರೇಟಿನಂತೆ, ವಿಮಾನ ಕಾರ್ಖಾನೆಯೊಂದರ ನಿರ್ವಾತ ಕೋಣೆಯಲ್ಲಿಟ್ಟು ಒಣಗಿಸಿದರು. ಪ್ರತಿ ಸಲವೂ ಎಂಟು ಟನ್ ನೀರು ಹೊರಬಂತು. ಆ ಕೆಲಸ ಮಾಡಿದವರಿಗೆ ನಿಜಕ್ಕೂ ಕೈಮುಗಿಯಬೇಕು; ಸುಟ್ಟ ಅಂಚಿನ ಹಾಳೆಗಳನ್ನು ಅಲ್ಲಿ ಇವತ್ತಿಗೂ ಕೈಗವಸು ಹಾಕಿಕೊಂಡು ಬಿಡಿಸುತ್ತಾರೆ. ಅವರ ಮೇಲೆ ತಕರಾರಿಲ್ಲ. ತಕರಾರು ಇರುವುದು, ತನ್ನ ಮನೆಯ ಕಪಾಟು ಸುಟ್ಟುಕೊಂಡು, ಸುಟ್ಟದ್ದರ ಪ್ರತಿಯನ್ನು ಅತಿಥಿಯ ಹತ್ತಿರ ಕೇಳುವವರ ಮೇಲೆ.

ಕೇಳುವುದಕ್ಕೂ ಕ್ರಮ ಇದೆ. ಮೊದಲು ಎಸ್‌ಎಫ್-180 ಎಂಬ ಫಾರಂ ತುಂಬಿ ದಾಖಲೆ ಕೇಳಿ. ಬೆಂಕಿಯಲ್ಲಿ ಹೋಗಿದೆ ಎಂಬ ಉತ್ತರ ಬರುತ್ತದೆ. ಆಮೇಲೆ 13055 ನಂಬರಿನ ಫಾರಂ: ಯಾವ ತುಕಡಿ, ಯಾವ ತಿಂಗಳು, ಯಾವ ಆಸ್ಪತ್ರೆ ನೀವೇ ಬರೆಯಿರಿ, ಅದರ ಮೇಲೆ ನಾವು ಹುಡುಕುತ್ತೇವೆ. ತುಕಡಿಯ ದೈನಿಕ ಹಾಜರಾತಿ ವರದಿಯಲ್ಲಿ ಹೆಸರಿನ ಮುಂದೆ 'ಗಾಯ' ಎಂದು ಒಂದು ಸಾಲು ಸಿಕ್ಕರೆ ಅದೃಷ್ಟ. ಸೈನ್ಯದ ಮುಖ್ಯ ವೈದ್ಯಾಧಿಕಾರಿಯಾದ ಸರ್ಜನ್ ಜನರಲ್ ಕಚೇರಿಯ ಕಂಪ್ಯೂಟರ್ ಟೇಪುಗಳೂ ಇವೆ. 1942-45 ಮತ್ತು 1950-54ರ ಆಸ್ಪತ್ರೆ ದಾಖಲಾತಿಗಳ ಸಂಕೇತಪಟ್ಟಿ. ಆದರೆ ಅದರಲ್ಲಿ ಹೆಸರೇ ಇಲ್ಲ, ಸೇವಾ ಸಂಖ್ಯೆ ಮಾತ್ರ. ಒಂದು ಅಂಕಿ ತಪ್ಪಾಗಿ ಕುಟ್ಟಿದ್ದರೆ ನಿಮ್ಮ ತೊಡೆಯ ಗಾಯ ಇನ್ಯಾರದೋ ಮೂಲವ್ಯಾಧಿಯಾಗಿರುತ್ತದೆ. ಯಾವುದೂ ಸಿಗದಿದ್ದರೆ ದಾಖಲೆ ತಿದ್ದುಪಡಿ ಮಂಡಳಿಗೆ ಡಿಡಿ-149 ಎಂಬ ಅರ್ಜಿ. ಜೊತೆಗೆ ಕಣ್ಣಾರೆ ಕಂಡವರ ಪ್ರಮಾಣಪತ್ರ. ಪ್ಲಟೂನಿನಲ್ಲಿ ಜೊತೆಗಿದ್ದವರೋ, ಎಪ್ಪತ್ತು ವರ್ಷದ ಮೇಲೆ ಹೆಚ್ಚಿನವರು ಮಣ್ಣು ಸೇರಿರುತ್ತಾರೆ. ಸ್ಮಶಾನಕ್ಕೆ ನೋಟರಿಯನ್ನು ಕರೆದುಕೊಂಡು ಹೋಗಬೇಕು.

ಹೋಗಲಿ, ಪದಕಕ್ಕೇನಾದರೂ ಬರಗಾಲವೇ ಎಂದರೆ, ಅದೂ ಇಲ್ಲ. 1945ರಲ್ಲಿ ಜಪಾನಿನ ನೆಲದ ಮೇಲೆ ಇಳಿಯುವ ಯೋಜನೆಯಿತ್ತು; ಎಷ್ಟು ಜನ ಗಾಯಗೊಳ್ಳಬಹುದೆಂದು ಲೆಕ್ಕ ಹಾಕಿ ಪರ್ಪಲ್ ಹಾರ್ಟ್‌ಗಳನ್ನು ಮೊದಲೇ ಅಚ್ಚು ಹಾಕಿಸಿದರು. ಯುದ್ಧ ಮುಗಿಯಿತು, ಐದು ಲಕ್ಷದ ಹತ್ತಿರ ಪದಕ ಗೋದಾಮಿನಲ್ಲಿ ಉಳಿಯಿತು. ಕೊರಿಯಾದಲ್ಲಿ ಹಂಚಿದ್ದು ಆ ದಾಸ್ತಾನಿನಿಂದ, ವಿಯೆಟ್ನಾಮಿನಲ್ಲೂ ಅದರಿಂದಲೇ. 2003ರಲ್ಲೂ 1,20,000 ಮಿಕ್ಕಿತ್ತು. ಅಂದರೆ ಅಜ್ಜನಿಗೆ ಆ ಚೂರು ಬಡಿದ ದಿನ ಅವನ ಪಾಲಿನ ಪದಕಕ್ಕೆ ಆಗಲೇ ಆರು ವರ್ಷ ತುಂಬಿತ್ತು. ಪದಕ ತಯಾರು, ಗಾಯ ತಯಾರು. ನಡುವೆ ಒಬ್ಬ ಗುಮಾಸ್ತ.

ಯಾವುದು ಗಾಯ, ಯಾವುದಲ್ಲ ಎಂಬುದೂ ಒಂದು ಶಾಸ್ತ್ರ. 1950ರ ಚಳಿಗಾಲದಲ್ಲಿ ಕೊರಿಯಾದ ಚೋಸಿನ್ ಜಲಾಶಯದ ಸುತ್ತ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಶೀತ ಇಳಿದು ಹಿಮಕಡಿತಕ್ಕೆ ಸಿಕ್ಕವರು ಸಾವಿರಾರು, ಕಾಲಿನ ಬೆರಳು ಕಪ್ಪಾಗಿ ಉದುರಿದವರೂ ಇದ್ದರು. ನಿಯಮಪುಸ್ತಕದ ಪ್ರಕಾರ ಹಿಮಕಡಿತ ಗಾಯವಲ್ಲ, ಹವಾಮಾನ. ತಲೆಗೆ ಪೆಟ್ಟು? 2020ರ ಜನವರಿ 8ರಂದು ಇರಾಕಿನಲ್ಲಿ ಅಮೆರಿಕದ ಸೈನಿಕರಿದ್ದ ಅಲ್ ಅಸಾದ್ ನೆಲೆಗೆ ಇರಾನಿನ ಕ್ಷಿಪಣಿ ಬಿದ್ದವು. ತಲೆನೋವಂತೆ, ಗಂಭೀರವೇನಲ್ಲ ಎಂದರು ಅಮೆರಿಕದ ಅಧ್ಯಕ್ಷ ಟ್ರಂಪ್. ಕೊನೆಗೆ ಮಿದುಳಿಗೆ ಆಘಾತ ಎಂದು ತೀರ್ಮಾನವಾದವರು ನೂರಕ್ಕೂ ಹೆಚ್ಚು. ಮೊದಲ ಕಂತಿನಲ್ಲಿ 29 ಪದಕ. ಗದ್ದಲವಾದ ಮೇಲೆ, ಮರುವರ್ಷದ ಕೊನೆಗೆ, ಇನ್ನೂ 39.

ನಮ್ಮಲ್ಲಿ ಹೇಗೆ ಎಂದು ಕೇಳುತ್ತೀರಿ. ನಮ್ಮಲ್ಲಿ ಪರಾಕ್ರಮ ಪದಕ ಇದೆ, ಶತ್ರುವಿನ ನೇರ ಕ್ರಿಯೆಯಿಂದ ಗಾಯಗೊಂಡವರಿಗೆ. ಆದರೆ ನಿಜವಾದ ಆಟ ಪಿಂಚಣಿಯದು. ಸೈನಿಕನ ಅಂಗವೈಕಲ್ಯವನ್ನು 'ಎ'ಯಿಂದ 'ಇ'ವರೆಗೆ ಐದು ವರ್ಗ ಮಾಡಿದ್ದಾರೆ. ಶಾಲೆಯ ಲೆಕ್ಕ ಇಲ್ಲಿ ಉಲ್ಟಾ; 'ಎ' ಬಂದವನು ಫೇಲು, ಅವನ ಕಾಯಿಲೆಗೂ ಸೇವೆಗೂ ಸಂಬಂಧ ಇಲ್ಲ ಎಂದರ್ಥ. 'ಇ' ಎಂದರೆ ಶತ್ರುವಿನ ಕ್ರಿಯೆ, ಯುದ್ಧಗಾಯದ ಪಿಂಚಣಿ. ಪೂರ್ತಿ ವೈಕಲ್ಯಕ್ಕೆ ಸಾಮಾನ್ಯ ಅಂಗವೈಕಲ್ಯದ ಅಂಶ ವೇತನದ ಶೇ. 30. ಅದೇ ಯುದ್ಧಗಾಯದಿಂದ ಸೇವೆ ಬಿಡಬೇಕಾದವನಿಗೆ ಶೇ. 100. ಈ ಮೂರುಪಟ್ಟಿಗೂ ಮೀರಿದ ಅಂತರ ನಿಂತಿರುವುದು ಮೊದಲ ದಿನದ ವರದಿಯಲ್ಲಿ ಯಾವ ಪದ ಬಿತ್ತು ಎಂಬುದರ ಮೇಲೆ. ಇನ್ನು ಅಂಚಿನ ತಮಾಷೆ: ಅವಧಿ ಮುಗಿಸಿ ನಿವೃತ್ತನಾದವನ ಸಾಮಾನ್ಯ ಅಂಗವೈಕಲ್ಯ ಶೇ. 19 ಎಂದರೆ ಸೊನ್ನೆ; ವೈಕಲ್ಯದಿಂದಲೇ ಸೇವೆ ಬಿಡಬೇಕಾದವನದು ಶೇ. 20 ಎಂದರೆ ಅದನ್ನು ಏರಿಸಿ 50 ಎಂದು ಲೆಕ್ಕ. ಈ ಏರಿಕೆ ಅವಧಿ ಮುಗಿಸಿ ನಿವೃತ್ತನಾದವನಿಗೂ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರಿನಲ್ಲಿ ಹೇಳಬೇಕಾಯಿತು. ಏಕೆಂದರೆ ಕೊಡುವುದಿಲ್ಲ ಎಂದು ಸರ್ಕಾರವೇ ನೂರಾರು ಮೇಲ್ಮನವಿ ಹಾಕಿಕೊಂಡು ಕೂತಿತ್ತು.

ದೇಹವನ್ನು ಶೇಕಡಾ ಲೆಕ್ಕದಲ್ಲಿ ತೂಗುವ ಈ ಕಲೆ ಹೊಸತಲ್ಲ. ಕಾರ್ಖಾನೆಯ ಕಾರ್ಮಿಕರಿಗೆಂದು 1923ರಲ್ಲಿ ಮಾಡಿದ ಪರಿಹಾರ ಕಾಯ್ದೆಯ ಪಟ್ಟಿ ತೆರೆದು ನೋಡಿ. ಹೆಬ್ಬೆರಳು ಹೋದರೆ 30. ಉಳಿದ ನಾಲ್ಕು ಬೆರಳು ಹೋದರೆ 50. ಐದೂ ಹೋದರೆ? 60. ಮೂವತ್ತೂ ಐವತ್ತೂ ಕೂಡಿದರೆ ಅರವತ್ತು. ಸಗಟು ವ್ಯಾಪಾರಕ್ಕೆ ರಿಯಾಯಿತಿ. ಏಕಲವ್ಯ ಹೆಬ್ಬೆರಳೊಂದನ್ನೇ ಕೊಟ್ಟದ್ದು ಲೆಕ್ಕ ತಿಳಿದೇ ಇರಬೇಕು.

ಅದೇ ಬೆರಳು ನವೆಂಬರ್ ಬಂತೆಂದರೆ ಮತ್ತೆ ಬೇಕು. ಬದುಕಿದ್ದೇನೆ ಎಂಬ ಡಿಜಿಟಲ್ ಪ್ರಮಾಣಪತ್ರಕ್ಕೆ ಬೆರಳಚ್ಚು. ಸುಟ್ಟ ಚರ್ಮಕ್ಕೆ ಗೆರೆ ಇರುವುದಿಲ್ಲ, ಯಂತ್ರ ಗುರುತಿಸುವುದಿಲ್ಲ. ಆಗ ಕಣ್ಣು ತೋರಿಸಿ ಎನ್ನುತ್ತಾರೆ. ಈಗ ಮುಖ ತೋರಿಸಿದರೂ ಆಗುತ್ತದೆ. ಮುಖಕ್ಕೆ ಚೂರು ಬಿದ್ದಿಲ್ಲದಿದ್ದರೆ.

ಮತ್ತೆ 2019ರ ಜೂನ್ 24. ಆದಾಯ ತೆರಿಗೆಯವರು ಒಂದು ಸುತ್ತೋಲೆ ಹೊರಡಿಸಿದರು: ಗಾಯದ ಕಾರಣಕ್ಕೇ ಸೇವೆಯಿಂದ ಹೊರಬಿದ್ದವನ ಅಂಗವೈಕಲ್ಯ ಪಿಂಚಣಿಗೆ ಮಾತ್ರ ವಿನಾಯಿತಿ, ಗಾಯ ಹೊತ್ತುಕೊಂಡೇ ಅವಧಿ ಪೂರೈಸಿ ನಿವೃತ್ತನಾದವನದಕ್ಕೆ ತೆರಿಗೆ. ಕಾಲು ಕಳೆದುಕೊಂಡರೂ ಮನೆಗೆ ಹೋಗದೆ ಕೃತಕ ಕಾಲಿನಲ್ಲಿ ಪೆರೇಡ್ ಮಾಡಿದವನಿಗೆ ದಂಡ. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ನಿಜ. ಆದರೆ ಅದನ್ನು ಒಬ್ಬ ಬರೆದ, ಒಬ್ಬ ಟೈಪು ಮಾಡಿದ, ಒಬ್ಬ ಓದಿ ಸಹಿ ಹಾಕಿದ. ಒಬ್ಬನ ಕೈಯೂ ನಡುಗಲಿಲ್ಲ. ಇದನ್ನು ಹಾಸ್ಯ ಮಾಡಲು ನನಗೂ ಬೇಸರವಾಗುತ್ತಿದೆ. ಯುದ್ಧಕ್ಕೆ ಕಳಿಸುವಾಗ ಇವರು ಎದೆಯ ಸುತ್ತಳತೆ, ತೂಕ, ಹಲ್ಲು, ಕಿವಿ, ಕಣ್ಣು ಎಲ್ಲ ನೋಡಿ ಬರೆದುಕೊಂಡೇ ಕಳಿಸಿದ್ದರು. ಹೋದಾಗ ಸರಿಯಿದ್ದ ದೇಹ ಬಂದಾಗ ಸರಿಯಿಲ್ಲ. ನಡುವೆ ಏನಾಯಿತು ಎಂದು ಅವನನ್ನು ಕೇಳುತ್ತಾರೆ. ಎಲ್ಲಿಗೆ ಕಳಿಸಿದ್ದೆವು ಎಂಬುದು ಇವರಿಗೆ ಗೊತ್ತಿಲ್ಲವೇ?

ಮಿನ್ನೆಸೋಟಾದ ಅಜ್ಜ ಕೇಳಿದ್ದು ನೇರಳೆ ರಿಬ್ಬನ್ನಿನಲ್ಲಿ ನೇತಾಡುವ ಒಂದು ಹೃದಯವನ್ನು. ಅದಕ್ಕೆ ಮಾಸಾಶನ ಇಲ್ಲ. ಅವನ ಗಾಯ ಯುದ್ಧದ್ದೇ ಇರಬೇಕೆಂದು ಅವರದೇ ಸರ್ಕಾರದ ಮಾಜಿ ಸೈನಿಕರ ಆಸ್ಪತ್ರೆಯ ವೈದ್ಯರು 2005ರಲ್ಲೇ ಒಪ್ಪಿದ್ದರು. ಎಕ್ಸ್‌ರೇಯಲ್ಲಿ ಚೂರು ಬೆಳ್ಳಗೆ ಹೊಳೆಯುತ್ತದೆ. ಸರ್ಕಾರದ ಒಂದು ಬಾಗಿಲು ಹೌದೆನ್ನುತ್ತದೆ, ಪಕ್ಕದ ಬಾಗಿಲು ಯಾರು ನೀನು ಎನ್ನುತ್ತದೆ.

ಕಾಗದ ಕೇಳದ ಜಾಗ ಒಂದಿದೆ. ಎಂಆರ್‌ಐ ಕೋಣೆ. ಆ ಅಯಸ್ಕಾಂತ ಕಬ್ಬಿಣವನ್ನು ಮಾಂಸದೊಳಗೇ ಎಳೆದಾಡಿಬಿಡಬಹುದು, ಅದಕ್ಕೆ ಒಳಗೆ ಬಿಡುವ ಮೊದಲು ಒಂದು ಹಾಳೆ ಕೊಡುತ್ತಾರೆ. ಪೇಸ್‌ಮೇಕರ್ ಇದೆಯೇ, ಕಿವಿಯಲ್ಲಿ ಯಂತ್ರ ಇದೆಯೇ ಎಂಬ ಪ್ರಶ್ನೆಗಳ ನಡುವೆ ಇದೂ ಒಂದು: ಗುಂಡು, ಶೆಲ್ಲಿನ ಚೂರು ದೇಹಕ್ಕೆ ಯಾವತ್ತಾದರೂ ಹೊಕ್ಕಿದೆಯೇ? 'ಹೌದು' ಎಂಬಲ್ಲಿ ಒಂದು ಗುರುತು ಹಾಕಿದರೆ ಸಾಕು. ಯಾವ ವರ್ಷ, ಯಾವ ತುಕಡಿ, ಸಾಕ್ಷಿ ಯಾರು, ಮೆಡಿಕ್ ಸಹಿ ಎಲ್ಲಿ, ಒಂದನ್ನೂ ಕೇಳುವುದಿಲ್ಲ. ಅಲ್ಲಿನ ಹುಡುಗಿ ಹಾಳೆ ನೋಡಿ ಒಂದೇ ಮಾತು ಕೇಳುತ್ತಾಳೆ: "ಎಲ್ಲಿದೆ, ತೋರಿಸಿ."